ಡಿಕೋಡರ್ ಕಳಚಿದ ಎಂಜಿನ್: ಮಾದರಿ ರೈಲು ಅನಲಾಗಿಗೆ ಮರಳುವ ದಾರಿಗಳು

ಡಿಜಿಟಲ್ ಆಜ್ಞೆಗಳನ್ನು ಓದುವ ಡಿಕೋಡರ್ ಇರುವ ಮಾದರಿ ರೈಲು ಎಂಜಿನ್ನನ್ನು ಹಳೆಯ ಅನಲಾಗ್ ಹಳಿಯ ಮೇಲಿಟ್ಟು ಕಂಟ್ರೋಲರಿನ ನಾಬ್ ತಿರುಗಿಸಿದರೆ ಮೊದಲಿಗೆ ಅದು ಅಲುಗುವುದೇ ಇಲ್ಲ. ನಾಬ್ ಅರ್ಧದ ಹತ್ತಿರ ಬಂದಾಗ ದೀಪ ಹತ್ತುತ್ತದೆ. ಸದ್ದು ಮಾಡುವ ಎಂಜಿನ್ನಾದರೆ ಗುರುಗುಟ್ಟುತ್ತದೆ. ಆಮೇಲೆ ಒಮ್ಮೆಲೇ ಹೊರಟುಬಿಡುತ್ತದೆ. ಡಿಕೋಡರ್ ಇಲ್ಲದ ಎಂಜಿನ್ ಅದೇ ಹಳಿಯಲ್ಲಿ ಅಷ್ಟು ಹೊತ್ತಿಗೆ ಆರಾಮವಾಗಿ ಓಡುತ್ತಿರುತ್ತದೆ. ಇಂಥ ಎರಡನ್ನು ಒಂದೇ ರೈಲಿಗೆ ಜೋಡಿಸಿದರೆ ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಡಿಜಿಟಲ್ ಎಂಜಿನ್ನನ್ನು ಮತ್ತೆ ಅನಲಾಗಿಗೆ ತರುವ ಕೆಲಸ ಹುಟ್ಟಿದ್ದು ಈ ತೊಡಕಿನಿಂದ.

ಎರಡನೇ ಮಹಾಯುದ್ಧದ ನಂತರ ಮಾದರಿ ರೈಲಿನ ಲೋಕದ ಬಹುಭಾಗ ಒಂದು ಸರಳ ಏರ್ಪಾಟಿಗೆ ಬಂದು ನಿಂತಿತು: ಎರಡು ಹಳಿ, 12 ವೋಲ್ಟ್ ಡಿಸಿ ವಿದ್ಯುತ್. ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ, ಧನ-ಋಣ ಅದಲುಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಹೋಗುತ್ತದೆ. ಹಾರ್ನ್‌ಬಿ ಡಬ್ಲೊ ರೈಲುಗಳು 1938ರಲ್ಲಿ ಮೂರು ಹಳಿಯೊಂದಿಗೆ ಬಂದವು. ಅವೂ 1959ರಲ್ಲಿ ಎರಡು ಹಳಿಗೆ ಬಂದವು. ಜರ್ಮನಿಯ ಮಾರ್ಕ್ಲಿನ್ ಮಾತ್ರ ನಡುವಿನ ಮೂರನೇ ಸಂಪರ್ಕವನ್ನೂ ಎಸಿ ವಿದ್ಯುತ್ತನ್ನೂ ಬಿಡಲಿಲ್ಲ.

ಸರಳತೆಯ ಬೆಲೆ ಏನೆಂದರೆ, ಒಂದು ಹಳಿಯಲ್ಲಿ ಎರಡು ಎಂಜಿನ್ ಇದ್ದರೆ ಎರಡೂ ಒಟ್ಟಿಗೇ ಓಡುತ್ತವೆ. ಹಾಗಾಗಿ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ ಪ್ರತಿ ತುಂಡಿಗೂ ಸ್ವಿಚ್ ಹಾಕುವ ಪದ್ಧತಿ ಬೆಳೆಯಿತು. ದೊಡ್ಡ ಲೇಔಟುಗಳ ಹಲಗೆಯ ಅಡಿಭಾಗ ತಂತಿಗಳ ಕಾಡಾಯಿತು. ರೈಲನ್ನು ಓಡಿಸುವವನು ಹಳಿ ನೋಡುವುದಕ್ಕಿಂತ ಹೆಚ್ಚಾಗಿ ಸ್ವಿಚ್ ನೋಡಬೇಕಾಯಿತು.

ವಿದ್ಯುತ್ತಿನ ಜೊತೆಗೇ ಆಜ್ಞೆಯನ್ನೂ ಹಳಿಯಲ್ಲಿ ಕಳಿಸುವ ಪ್ರಯತ್ನಗಳು ಅಲ್ಲಿಂದ ಶುರುವಾದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ 1960ರ ದಶಕದಲ್ಲಿ ತಂದ ಆಸ್ಟ್ರಾಕ್ ಐದು ಎಂಜಿನ್ನುಗಳಿಗೆ ಬೇರೆಬೇರೆ ಆಜ್ಞೆ ಕೊಡಬಲ್ಲದಾಗಿತ್ತು. ಹಾರ್ನ್‌ಬಿಯ ಝೀರೋ-1 1979ರಲ್ಲಿ ಈ ಸಂಖ್ಯೆಯನ್ನು 16ಕ್ಕೆ ಏರಿಸಿತು. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರ್ಕ್ಲಿನ್ ಡಿಜಿಟಲ್‌ನಲ್ಲಿ 80 ವಿಳಾಸಗಳಿದ್ದವು. ಆದರೆ ಒಬ್ಬರ ಎಂಜಿನ್ ಇನ್ನೊಬ್ಬರ ಕಂಟ್ರೋಲರಿಗೆ ಓಗೊಡುತ್ತಿರಲಿಲ್ಲ. ಜರ್ಮನಿಯ ಲೆಂಝ್ ಎಲೆಕ್ಟ್ರಾನಿಕ್ ರೂಪಿಸಿದ್ದ ವಿಧಾನವನ್ನು ಅಮೆರಿಕದ ಮಾದರಿ ರೈಲು ಸಂಘ ಎನ್ಎಂಆರ್‌ಎ 1990ರ ದಶಕದ ಮೊದಲ ವರ್ಷಗಳಲ್ಲಿ ಎಲ್ಲರಿಗೂ ತೆರೆದ ಮಾನದಂಡವಾಗಿ ಸ್ವೀಕರಿಸಿದ ಮೇಲೆ ಆ ಗೋಡೆ ಬಿತ್ತು. ಅದೇ ಇಂದಿನ ಡಿಸಿಸಿ.

ಡಿಸಿಸಿ ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ. ಅದರ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. 58 ಮೈಕ್ರೋಸೆಕೆಂಡಿಗೊಮ್ಮೆ ಬದಲಾದರೆ ‘ಒಂದು’, 100 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ‘ಸೊನ್ನೆ’. ಎಂಜಿನ್ನಿನೊಳಗಿನ ಡಿಕೋಡರ್ ಇವನ್ನು ಓದಿ, ತನ್ನ ವಿಳಾಸಕ್ಕೆ ಬಂದ ಆಜ್ಞೆಯಷ್ಟನ್ನೇ ಪಾಲಿಸಿ, ಮೋಟಾರಿಗೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಅಳೆದು ಕೊಡುತ್ತದೆ.

ಸೊನ್ನೆಯ ಒಂದು ಭಾಗವನ್ನು ಹಿಗ್ಗಿಸಿದರೂ ಡಿಕೋಡರಿಗೆ ಗೊಂದಲವಿಲ್ಲ. ಇದೇ ಸಡಿಲವನ್ನು ಬಳಸಿ ಡಿಕೋಡರ್ ಇಲ್ಲದ ಎಂಜಿನ್ನನ್ನೂ ಡಿಜಿಟಲ್ ಹಳಿಯಲ್ಲಿ ಓಡಿಸಬಹುದು. ಬಾಖ್‌ಮನ್ ಕಂಪನಿಯ ಈ-ಝಡ್ ಕಮಾಂಡ್ ಪೆಟ್ಟಿಗೆಯಲ್ಲಿ ಹತ್ತನೇ ಗುಂಡಿ ಇದಕ್ಕೆಂದೇ ಇತ್ತು. ಆದರೆ ಮೋಟಾರು ಗುಂಯ್‌ಗುಟ್ಟುತ್ತದೆ, ನಿಂತಲ್ಲೇ ಬಿಸಿಯಾಗುತ್ತದೆ. ಕಬ್ಬಿಣದ ತಿರುಳಿಲ್ಲದ ಸೂಕ್ಷ್ಮ ಮೋಟಾರುಗಳು ಸುಟ್ಟೇಹೋಗಬಹುದು.

ಹಾಗಾದರೆ ಅನಲಾಗಿಗೆ ಮರಳುವ ಅಗತ್ಯ ಯಾರಿಗೆ? ದಶಕಗಳ ಹಿಂದೆ ಕಟ್ಟಿದ ಲೇಔಟ್ ಇರುವವರಿಗೆ, ಹತ್ತಾರು ಹಳೆಯ ಎಂಜಿನ್ನುಗಳಿಗೆ ಡಿಕೋಡರ್ ಕೊಳ್ಳಲಾರದವರಿಗೆ, ಡಿಕೋಡರ್ ಕೆಟ್ಟು ಅದರ ಬದಲಿ ಸಿಗದವರಿಗೆ. ಜಪಾನಿನಲ್ಲಂತೂ ಕಾಟೊ, ಟೋಮಿಕ್ಸ್ ಬ್ರ್ಯಾಂಡುಗಳ 9 ಮಿಲಿಮೀಟರ್ ಹಳಿಯ ಲೋಕ ಇಂದಿಗೂ ಹೆಚ್ಚಾಗಿ ಅನಲಾಗ್ ಮೇಲೆಯೇ ಓಡುತ್ತಿದೆ. ಇವರನ್ನು ಕಾಲಕ್ಕೆ ಹೊಂದಿಕೊಳ್ಳದವರೆಂದು ಬದಿಗೆ ಸರಿಸುವುದು ತಪ್ಪು. ಒಂದೇ ರೈಲು ಓಡಿಸುವವನಿಗೆ ಅನಲಾಗ್ ಕೊಡುವ ಹಿತ ಕಡಿಮೆಯದಲ್ಲ.

ಮಾನದಂಡ ರೂಪಿಸಿದವರು ಇವರನ್ನು ಮರೆತಿರಲಿಲ್ಲ. ಡಿಕೋಡರಿನ ಸಂರಚನೆಯನ್ನು ಸಿವಿ ಎಂಬ ಸಂಖ್ಯೆಗಳಲ್ಲಿ ಬರೆದಿಡುತ್ತಾರೆ. ಅವುಗಳಲ್ಲಿ 29ನೆಯದರ ಒಂದು ಬಿಟ್, ಬೆಲೆಯಲ್ಲಿ ನಾಲ್ಕು, ಅನಲಾಗ್ ಓಟಕ್ಕೆ ಅನುಮತಿ ಕೊಡುತ್ತದೆ. ಸಾಮಾನ್ಯವಾಗಿ ಅಲ್ಲಿ 6 ಎಂದಿದ್ದರೆ ಅನುಮತಿ ಇದೆ, 2 ಎಂದಿದ್ದರೆ ಇಲ್ಲ. ‘ಎಂಜಿನ್ ಸತ್ತಿದೆ’ ಎಂದು ಮಾರಾಟವಾಗುವ ಎಷ್ಟೋ ಡಿಜಿಟಲ್ ಎಂಜಿನ್ನುಗಳಲ್ಲಿ ಇದೊಂದು ಅಂಕಿ ಬದಲಾಗಿರುತ್ತದೆ, ಅಷ್ಟೇ. ಬದಲಾಯಿಸುವುದಕ್ಕೂ ಕಾರಣವುಂಟು: ಡಿಸಿಸಿ ಸಂಕೇತ ಕ್ಷಣಕಾಲ ಕೆಟ್ಟಾಗ ಡಿಕೋಡರ್ ತಾನು ಅನಲಾಗ್ ಹಳಿಯ ಮೇಲಿದ್ದೇನೆಂದು ತಪ್ಪು ತಿಳಿದು ಪೂರ್ಣ ವೇಗದಲ್ಲಿ ಓಡಿಬಿಡಬಹುದು. ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇದ್ದರೆ ಅಪಾಯ ಇನ್ನೂ ಹೆಚ್ಚು.

ಅನುಮತಿ ಇದ್ದರೂ ಮೊದಲು ಹೇಳಿದ ತಡ ಹೋಗುವುದಿಲ್ಲ. ಡಿಕೋಡರಿನ ಚಿಪ್ ಎಚ್ಚರವಾಗಲು ಐದಾರು ವೋಲ್ಟ್ ಬೇಕು, ಸದ್ದಿನ ಡಿಕೋಡರಿಗೆ ಇನ್ನೂ ಹೆಚ್ಚು. ಮಿಡಿತಗಳಲ್ಲಿ ವಿದ್ಯುತ್ ಕೊಡುವ ಕಂಟ್ರೋಲರುಗಳಂತೂ ಅದನ್ನು ಪೂರಾ ತಬ್ಬಿಬ್ಬು ಮಾಡುತ್ತವೆ. ನಯವಾದ ಡಿಸಿ ಕೊಡುವ ಕಂಟ್ರೋಲರೇ ಆಗಬೇಕು.

ಆದ್ದರಿಂದ ಶುದ್ಧ ಪರಿಹಾರವೆಂದರೆ ಡಿಕೋಡರನ್ನೇ ತೆಗೆಯುವುದು. ಇದನ್ನು ಸುಲಭ ಮಾಡಿದ್ದು ಯುರೋಪಿನ ಎನ್ಇಎಂ 652 ಎಂಬ ಎಂಟು ಕಾಲಿನ ಸಾಕೆಟ್. ಡಿಕೋಡರನ್ನು ಕಿತ್ತು ಅದೇ ಜಾಗಕ್ಕೆ ಡಮ್ಮಿ ಪ್ಲಗ್ ಸಿಕ್ಕಿಸಿದರೆ ಹಳಿಯ ವಿದ್ಯುತ್ ನೇರ ಮೋಟಾರಿಗೆ ಹೋಗುತ್ತದೆ. ಒಂದನೇ ಕಾಲು ಎಂಟನೆಯದಕ್ಕೆ, ನಾಲ್ಕನೆಯದು ಐದನೆಯದಕ್ಕೆ ಕೂಡುತ್ತದೆ. ಮುಂದೆ ಬಂದ 21 ಕಾಲಿನ ಎಂಟಿಸಿ, ಪ್ಲಕ್ಸ್, ನೆಕ್ಸ್ಟ್-18 ಸಾಕೆಟ್ಟುಗಳಿಗೂ ಇಂಥ ಪ್ಲಗ್ಗುಗಳಿವೆ.

ಸಾಕೆಟ್ ಇಲ್ಲದೆ ತಂತಿಗಳನ್ನು ಬೆಸೆದಿದ್ದರೆ ಬಣ್ಣಗಳು ದಾರಿ ತೋರುತ್ತವೆ. ಕೆಂಪು ತಂತಿ ಬಲ ಹಳಿಯದು, ಕಪ್ಪು ಎಡ ಹಳಿಯದು. ಕಿತ್ತಳೆ ಮತ್ತು ಬೂದು ಮೋಟಾರಿನವು. ಕೆಂಪನ್ನು ಕಿತ್ತಳೆಗೆ, ಕಪ್ಪನ್ನು ಬೂದಿಗೆ ಬೆಸೆದರೆ ಎಂಜಿನ್ ಓಡುತ್ತದೆ. ಬಿಳಿ, ಹಳದಿ, ನೀಲಿ ತಂತಿಗಳು ದೀಪದವು, ಎಚ್ಚರ ಬೇಕಾದದ್ದು ಇಲ್ಲೇ. ಎಲ್ಇಡಿಗೆ ಸರಣಿಯಲ್ಲಿ ರೆಸಿಸ್ಟರ್ ಇರಲೇಬೇಕು, ದಿಕ್ಕಿಗೆ ತಕ್ಕಂತೆ ಮುಂದಿನ ಅಥವಾ ಹಿಂದಿನ ದೀಪ ಹತ್ತಬೇಕಾದರೆ ಡಯೋಡುಗಳೂ ಬೇಕು. ಒಂದೂವರೆ ವೋಲ್ಟಿನ ಪುಟ್ಟ ಬಲ್ಬನ್ನು ಹಾಗೆಯೇ ಹಳಿಗೆ ಜೋಡಿಸಿದರೆ ಅದು ಉಳಿಯುವುದಿಲ್ಲ. ರೇಡಿಯೋ, ಟೀವಿಗಳಿಗೆ ತೊಂದರೆಯಾಗದಂತೆ ಮೋಟಾರಿಗಿದ್ದ ಕೆಪಾಸಿಟರನ್ನು ಡಿಜಿಟಲ್ ಮಾಡುವಾಗ ಹಲವರು ಕತ್ತರಿಸಿರುತ್ತಾರೆ. ಅದನ್ನು ಮತ್ತೆ ಹಾಕಬೇಕು.

9 ಮಿಲಿಮೀಟರ್ ಹಳಿಯ, ಎನ್ ಅಳತೆಯ ಪುಟ್ಟ ಎಂಜಿನ್ನುಗಳದ್ದು ಬೇರೆಯೇ ಕಥೆ. ಅವುಗಳಲ್ಲಿ ಸೀಳಿದ ಲೋಹದ ಚಾಸಿಯ ಎರಡು ಭಾಗಗಳೇ ತಂತಿಯ ಕೆಲಸ ಮಾಡುತ್ತವೆ, ಮೇಲೆ ದೀಪದ ಬೋರ್ಡ್ ಕೂರುತ್ತದೆ. ಡಿಜಿಟಲ್ ಮಾಡುವಾಗ ಆ ಬೋರ್ಡನ್ನು ತೆಗೆದು ಡಿಕೋಡರ್ ಬೋರ್ಡ್ ಕೂರಿಸುತ್ತಾರೆ, ಮೋಟಾರಿನ ತಾಮ್ರದ ಪಟ್ಟಿ ಚಾಸಿಗೆ ತಾಗದಂತೆ ಟೇಪ್ ಸುತ್ತುತ್ತಾರೆ. ಮರಳಿಸಬೇಕಾದರೆ ಮೂಲ ಬೋರ್ಡೇ ಬೇಕು.

ಡಿಕೋಡರ್ ತೆಗೆದರೆ ಸದ್ದು ಹೋಗುತ್ತದೆ; ಹಲವರಿಗೆ ಒಪ್ಪಲಾಗದ ನಷ್ಟವಿದು. ಹೊಸ ಶತಮಾನದ ಆರಂಭದಲ್ಲಿ ಸದ್ದಿನ ಡಿಕೋಡರ್ ತಯಾರಿಸುವ ಕ್ಯೂಎಸ್ಐ ಕಂಪನಿ ಇದಕ್ಕೆ ಜಾಣ ಉತ್ತರ ಕೊಟ್ಟಿತು: ಹಳಿಯ ಧನ-ಋಣವನ್ನು ಸರಕ್ಕನೆ ಬದಲಿಸಿ ಹಿಂದಿರುಗಿಸಿದರೆ ಅನಲಾಗ್ ಹಳಿಯಲ್ಲೂ ಶಿಳ್ಳೆ, ಗಂಟೆ ಕೇಳುತ್ತಿದ್ದವು. ಎಂಆರ್‌ಸಿ ಕಂಪನಿಯ ಟೆಕ್-6 ಕಂಟ್ರೋಲರ್ ಒಂದೇ ಪೆಟ್ಟಿಗೆಯಿಂದ ಅನಲಾಗ್ ಮತ್ತು ಡಿಸಿಸಿ ಎರಡನ್ನೂ ಕೊಟ್ಟು ಎಂಜಿನ್ ಬಿಚ್ಚುವ ಅಗತ್ಯವನ್ನೇ ತಪ್ಪಿಸಿತು.

ಮಾರ್ಕ್ಲಿನ್ ಬಳಕೆದಾರರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಎಸಿ ಅನಲಾಗ್ ಎಂಜಿನ್ ದಿಕ್ಕು ಬದಲಿಸುವುದು ಸುಮಾರು 24 ವೋಲ್ಟಿನ ಒಂದು ತಟ್ಟಿನಿಂದ. 220 ವೋಲ್ಟಿಗೆ ಮಾಡಿದ ಹಳೆಯ ಟ್ರಾನ್ಸ್‌ಫಾರ್ಮರ್ ಇಂದಿನ 230 ವೋಲ್ಟಿನಲ್ಲಿ ಅದನ್ನು ಇನ್ನೂ ಏರಿಸುತ್ತದೆ, ಡಿಕೋಡರ್ ಸುಡಬಹುದು.

ಈಚಿನ ಬೆಳವಣಿಗೆ ಬ್ಲೂಟೂತ್. ಬಾಖ್‌ಮನ್ 2015ರಲ್ಲಿ, ಹಾರ್ನ್‌ಬಿ 2023ರ ಎಚ್ಎಂ7000 ಸರಣಿಯಲ್ಲಿ ಆಜ್ಞೆಯನ್ನು ಹಳಿಯಿಂದ ಬಿಡಿಸಿ ಫೋನಿಗೆ ಒಯ್ದವು. ಹಳಿಯಲ್ಲಿ ಸ್ಥಿರವಾದ ಡಿಸಿ ಇದ್ದರೂ ಸಾಕು.

ಇಷ್ಟೆಲ್ಲದರಲ್ಲಿ ಬಳಕೆದಾರನಿಗೆ ಹೆಚ್ಚು ಉಪಕಾರ ಮಾಡಿದ್ದು ಆ ಸಾದಾ ಸಾಕೆಟ್ಟೇ. ಡಿಕೋಡರನ್ನು ಬೋರ್ಡಿಗೇ ಬೆಸೆದು ಮಾರುವ ತಯಾರಕರು ಕೊಂಡವನ ಆಯ್ಕೆಯನ್ನು ಕಸಿಯುತ್ತಿದ್ದಾರೆ. ಅವರು ಸಾಕೆಟ್ಟನ್ನೂ ಸರ್ಕೀಟಿನ ನಕ್ಷೆಯನ್ನೂ ಕೊಡಬೇಕು. ಹಳೆಯ ಡಿಜಿಟಲ್ ಎಂಜಿನ್ ಕೊಳ್ಳುವವರು ಡಮ್ಮಿ ಪ್ಲಗ್ ಮತ್ತು ಮೂಲ ಬೋರ್ಡ್ ಇವೆಯೇ ಎಂದು ಮೊದಲೇ ಕೇಳಲಿ, ಮಾರುವವರು ಅವನ್ನು ಎಂಜಿನ್ನಿನ ಡಬ್ಬಿಯಲ್ಲೇ ಇಟ್ಟು ಕೊಡಲಿ.