ಕುಕ್ಕುಟ ವಿಜ್ಞಾನ ಸಂಶೋಧನೆಯ ಅನುದಾನ ಮತ್ತು ವಿದ್ಯಾರ್ಥಿವೇತನ: ಗುಜರಾತ್, ಕರ್ನಾಟಕ

ಕೋಳಿ, ಬಾತುಕೋಳಿ ಮೊದಲಾದ ಸಾಕುಹಕ್ಕಿಗಳ ತಳಿ, ಮೇವು, ರೋಗ, ಮೊಟ್ಟೆ ಮತ್ತು ಮಾಂಸವನ್ನು ಕುರಿತ ಅಧ್ಯಯನವೇ ಕುಕ್ಕುಟ ವಿಜ್ಞಾನ. ಭಾರತದಲ್ಲಿ ಈ ಅಧ್ಯಯನಕ್ಕೆ ಹಣ ಎಲ್ಲಿಂದ ಬಂತು, ಅದನ್ನು ಓದುವವರನ್ನು ಯಾರು ಪೋಷಿಸಿದರು ಎಂಬುದು ಈ ಲೇಖನದ ವಿಷಯ. ಅಹಮದಾಬಾದಿನ ಮಣಿನಗರದಲ್ಲಿ ರೈಲು ಹತ್ತಿ ವಡೋದರಾ ಕಡೆಗೆ ಸುಮಾರು 60 ಕಿ.ಮೀ. ಹೋದರೆ ಆನಂದ್ ಸಿಗುತ್ತದೆ. ಗುಜರಾತಿನ ಕೋಳಿ ತಳಿ ಸಂಶೋಧನೆ ನಡೆದುಬಂದಿರುವುದು ಅಲ್ಲಿ. ಅದೇ ಹಳಿಯಲ್ಲಿ ವಡೋದರಾ ದಾಟಿ ಸೂರತ್ ಕಡೆಗೆ ಸಾಗಿದರೆ ಭರೂಚ್ ಜಿಲ್ಲೆಯ ಅಂಕಲೇಶ್ವರ. ರಾಜ್ಯದ ನಾಟಿ ಕೋಳಿ ತಳಿಗೆ ಹೆಸರು ಕೊಟ್ಟ ಊರು. ಕರ್ನಾಟಕದಲ್ಲಿ ಈ ಕೆಲಸದ ನೆಲೆ ಬೆಂಗಳೂರಿನ ಹೆಬ್ಬಾಳ. ಆನಂದ್ ಮತ್ತು ಹೆಬ್ಬಾಳ ಎರಡಕ್ಕೂ ಹಣ ಬಂದದ್ದು ಬಹುಪಾಲು ಒಂದೇ ಮೂಲದಿಂದ.

ಹಿಂಡಿನ ಖರ್ಚು

ಕೋಳಿ ತಳಿ ಸಂಶೋಧನೆಗೆ ಹಣ ಎಷ್ಟು ಬಂತು ಎನ್ನುವುದಕ್ಕಿಂತ ತಪ್ಪದೆ ಬಂತೇ ಎನ್ನುವುದು ದೊಡ್ಡ ಪ್ರಶ್ನೆ. ಕಾರಣ ತಿಳಿಯಬೇಕಾದರೆ ತಳಿ ಅಭಿವೃದ್ಧಿಯ ಶೆಡ್ಡಿನಲ್ಲಿ ನಡೆಯುವ ಕೆಲಸವನ್ನು ನೋಡಬೇಕು. ಹೇಂಟೆ ಮೊಟ್ಟೆಯಿಡಲು ಗೂಡಿನೊಳಗೆ ಹೋದೊಡನೆ ಬಾಗಿಲು ತಾನಾಗಿ ಬೀಳುತ್ತದೆ. ಕೆಲಸಗಾರ ಬಂದು ಅದರ ರೆಕ್ಕೆಯ ಬಿಲ್ಲೆಯಲ್ಲಿರುವ ಸಂಖ್ಯೆಯನ್ನು ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದು, ಪುಸ್ತಕದಲ್ಲಿ ದಾಖಲಿಸಿ, ಕೋಳಿಯನ್ನು ಹೊರಗೆ ಬಿಡುತ್ತಾನೆ. ಒಂದೊಂದು ಕೋಳಿಯನ್ನು ಒಂದೊಂದು ಪಂಜರದಲ್ಲಿಡುವ ಪದ್ಧತಿ ಬಂದ ಮೇಲೆ ಬಾಗಿಲಿನ ಗೂಡು ಕಡಿಮೆಯಾಯಿತು, ಬರವಣಿಗೆ ಕಡಿಮೆಯಾಗಲಿಲ್ಲ. ಕಾವಿಗಿಡುವಾಗ ಒಂದೊಂದು ತಾಯಿಯ ಮೊಟ್ಟೆಗಳು ಬೇರೆಬೇರೆ. 21ನೆಯ ದಿನ ಮರಿ ಹೊರಬಂದ ಕೂಡಲೇ ಅದರ ರೆಕ್ಕೆಗೆ ಬಿಲ್ಲೆ ಹಾಕಿ ತಂದೆ ತಾಯಿಯ ಸಂಖ್ಯೆಯೊಂದಿಗೆ ಸೇರಿಸಬೇಕು. ಆ ಮರಿ ಬೆಳೆದು 40 ವಾರ, ಮುಂದೆ 64 ಅಥವಾ 72 ವಾರದವರೆಗೆ ಇಟ್ಟ ಮೊಟ್ಟೆಗಳನ್ನು ಎಣಿಸಿದ ಮೇಲೆ ಮುಂದಿನ ಪೀಳಿಗೆಗೆ ಯಾವುದನ್ನು ಉಳಿಸಬೇಕೆಂದು ತೀರ್ಮಾನವಾಗುತ್ತದೆ. ಒಂದು ಪೀಳಿಗೆಗೆ ಹೆಚ್ಚುಕಡಿಮೆ ಒಂದು ವರ್ಷ. ಹತ್ತು ಪೀಳಿಗೆಯ ದಾಖಲೆ ಎಂದರೆ ಹತ್ತು ವರ್ಷ ಬಿಡದೆ ಮೇವು ಹಾಕಿದ ಲೆಕ್ಕ.

ಮೊಟ್ಟೆಕೋಳಿಯೊಂದಕ್ಕೆ ದಿನಕ್ಕೆ ಸುಮಾರು 110 ಗ್ರಾಂ ಮೇವು ಬೇಕು. ಸಾವಿರ ಕೋಳಿಯ ಹಿಂಡು ದಿನಕ್ಕೆ 110 ಕೆ.ಜಿ., ವರ್ಷಕ್ಕೆ ಸುಮಾರು 40 ಟನ್ ತಿನ್ನುತ್ತದೆ. ಅನುದಾನದ ಕಂತು ತಡವಾಯಿತೆಂದು ಕೋಳಿ ಹಸಿವು ತಡೆದುಕೊಂಡು ಕೂರುವುದಿಲ್ಲ. ಹಣ ಸಾಲದ ವರ್ಷ ಹಿಂಡನ್ನು ಕುಗ್ಗಿಸಿದರೆ ಆಗುವ ನಷ್ಟ ಮುಂದೆ ಎಷ್ಟು ಹಣ ಬಂದರೂ ತುಂಬುವುದಿಲ್ಲ. 250 ಹೇಂಟೆಗಳಿಗೆ 50 ಹುಂಜ ಇಟ್ಟರೆ ಒಳಸಂತಾನ ಪೀಳಿಗೆಗೆ ಸುಮಾರು ಶೇ. 0.3ರಷ್ಟು ಏರುತ್ತದೆ, ಹುಂಜಗಳನ್ನು 10ಕ್ಕೆ ಇಳಿಸಿದರೆ ಅದು ಶೇ. 1.3ಕ್ಕೆ ಹೋಗುತ್ತದೆ. ಒಮ್ಮೆ ಕಳೆದುಹೋದ ವಂಶವಾಹಿ ವೈವಿಧ್ಯ ಹುಂಜಗಳ ಸಂಖ್ಯೆಯನ್ನು ಮತ್ತೆ ಹೆಚ್ಚಿಸಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಅಮೆರಿಕ ಈ ಅಗತ್ಯವನ್ನು ಬಹಳ ಮೊದಲೇ ಕಂಡುಕೊಂಡಿತ್ತು. 1887ರ ಹ್ಯಾಚ್ ಕಾಯ್ದೆ ಪ್ರತಿ ರಾಜ್ಯದ ಕೃಷಿ ಪ್ರಯೋಗ ಕೇಂದ್ರಕ್ಕೂ ವರ್ಷಕ್ಕೆ 15,000 ಡಾಲರ್ ಕೊಡುವ ಏರ್ಪಾಡು ಮಾಡಿತು. ಅಲ್ಲಿನ ವಿಶ್ವವಿದ್ಯಾಲಯಗಳ ಕೋಳಿ ವಿಭಾಗಗಳು ಬೆಳೆದದ್ದು ಇಂಥ ವರ್ಷಾಸನದ ನೆಲದಲ್ಲಿ.

ಸುಂಕದ ಹಣ

ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ರಾಯಲ್ ಕಮಿಷನ್ 1928ರ ತನ್ನ ವರದಿಯಲ್ಲಿ ಒಂದು ಕೇಂದ್ರ ಸಂಶೋಧನಾ ಮಂಡಳಿಯನ್ನು ಸ್ಥಾಪಿಸಿ, ವರ್ಷಾಂತ್ಯಕ್ಕೆ ರದ್ದಾಗದ 50 ಲಕ್ಷ ರೂಪಾಯಿಯ ನಿಧಿಯನ್ನು ಅದರ ಕೈಗೆ ಕೊಡಬೇಕೆಂದು ಹೇಳಿತು. ಮಂಡಳಿ 1929ರಲ್ಲಿ ಹುಟ್ಟಿತು. ಇಂದಿನ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು (ಐಸಿಎಆರ್) ಅದೇ. ಬೆನ್ನಿಗೇ ಜಗತ್ತನ್ನೆಲ್ಲ ಆರ್ಥಿಕ ಕುಸಿತ ಆವರಿಸಿತು, ಸರಕಾರದ ಕೈ ಬಿಗಿಯಾಯಿತು. ಸ್ಥಿರವಾದ ಆದಾಯಕ್ಕೆ ದಾರಿಯಾದದ್ದು 1940ರ ಕೃಷಿ ಉತ್ಪನ್ನ ಸೆಸ್ ಕಾಯ್ದೆ. ದೇಶದಿಂದ ರಫ್ತಾಗುವ ಹಸಿ ತೊಗಲು, ಮೂಳೆ, ಹಿಂಡಿ, ಸಾಂಬಾರ ಪದಾರ್ಥ, ಹೊಗೆಸೊಪ್ಪು ಮೊದಲಾದವುಗಳ ಬೆಲೆಯ ಮೇಲೆ ಶೇ. 0.5 ಸುಂಕ ಹಾಕಿ, ಆ ಹಣವನ್ನು ಪರಿಷತ್ತಿನ ಸಂಶೋಧನೆಗೆ ಮೀಸಲಿಡಲಾಯಿತು. ವಿಶ್ವವಿದ್ಯಾಲಯಗಳಲ್ಲಿ ‘ಎ.ಪಿ. ಸೆಸ್ ಸ್ಕೀಮು’ ಎಂದೇ ಹೆಸರಾದ ಯೋಜನೆಗಳು ಈ ನಿಧಿಯವು. ಬಂದರಿನಲ್ಲಿ ಹಡಗೇರಿದ ತೊಗಲು ಮತ್ತು ಹಿಂಡಿ ದಶಕಗಳ ಕಾಲ ಪಶುವೈದ್ಯ ಕಾಲೇಜುಗಳ ಪ್ರಯೋಗಾಲಯಗಳನ್ನು ಸಾಕಿದವು. ಸೆಸ್ ಕಾಯ್ದೆ 2006ರಲ್ಲಿ ರದ್ದಾಯಿತು.

ಈ ನಡುವೆ ಇಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1939ರಲ್ಲಿ ಕೋಳಿ ವಿಭಾಗ ತೆರೆಯಿತು. ಕನ್ನಡ ನಾಡಿನಲ್ಲಿ ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ರೋಗ ಭಾರತದಲ್ಲಿ ದಾಖಲಾದದ್ದು 1920ರ ದಶಕದ ಕೊನೆಯಲ್ಲಿ. 1940ರ ದಶಕದಲ್ಲಿ ಮುಕ್ತೇಶ್ವರ ತಳಿಯ ವೈರಸ್ಸಿನಿಂದ ಅದಕ್ಕೆ ಲಸಿಕೆ ಸಿದ್ಧವಾಯಿತು. ಕೋಳಿ ಸಂಶೋಧನೆಯ ಮೇಲೆ ಮಾಡಿದ ಖರ್ಚು ವ್ಯರ್ಥವಲ್ಲ ಎಂದು ಸರಕಾರಗಳಿಗೆ ಮನವರಿಕೆ ಮಾಡಿಕೊಟ್ಟ ಮೊದಲ ದೊಡ್ಡ ಫಲ ಇದೇ ಎನ್ನಬಹುದು.

ಆನಂದ್

ಆನಂದಿನ ಕೃಷಿ ಸಂಸ್ಥೆಯ ಹಿಂದೆ ಸರ್ದಾರ್ ಪಟೇಲ್ ಮತ್ತು ಕೆ.ಎಂ. ಮುನ್ಶಿ ಇದ್ದರು; ಅದು 1938ರಲ್ಲಿ ಆರಂಭವಾಯಿತು. ಅಲ್ಲಿನ ಬಿ.ಎ. ಕೃಷಿ ಕಾಲೇಜು (1947) ಮತ್ತು ಶೇಠ್ ಎಂ.ಸಿ. ಡೇರಿ ವಿಜ್ಞಾನ ಕಾಲೇಜು (1961) ಶ್ರೀಮಂತ ದಾನಿಗಳ ಹೆಸರು ಹೊತ್ತಿವೆ. ಕೃಷಿಗೂ ಹಾಲಿಗೂ ಗುಜರಾತಿನ ವಣಿಕರ ಕೈ ಧಾರಾಳವಾಗಿ ಬಿಚ್ಚಿತು. ಸಸ್ಯಾಹಾರ ಬೇರೂರಿದ ಆ ವಾತಾವರಣದಲ್ಲಿ ಕೋಳಿ ಸಂಶೋಧನೆ ಹೆಚ್ಚಾಗಿ ಆತುಕೊಂಡದ್ದು ಸಾರ್ವಜನಿಕ ಹಣವನ್ನು. ಪಶುವೈದ್ಯ ಕಾಲೇಜು 1964ರಲ್ಲಿ ಬಂತು. 1972ರಲ್ಲಿ ಎಲ್ಲವೂ ಗುಜರಾತ್ ಕೃಷಿ ವಿಶ್ವವಿದ್ಯಾಲಯದ ತೆಕ್ಕೆಗೆ ಸೇರಿ, 2004ರಲ್ಲಿ ಅದು ಒಡೆದಾಗ ಆನಂದ್ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. ಪಶುವೈದ್ಯ ಕಾಲೇಜು ಈಗ ಕಾಮಧೇನು ವಿಶ್ವವಿದ್ಯಾಲಯದ ಆಡಳಿತದಲ್ಲಿದೆ.

ಇಷ್ಟೆಲ್ಲ ಆಡಳಿತ ಬದಲಾದರೂ ಹಿಂಡುಗಳು ಉಳಿದದ್ದು ಅಖಿಲ ಭಾರತ ಸಮನ್ವಿತ ಕೋಳಿ ತಳಿ ಸಂಶೋಧನಾ ಯೋಜನೆಯಿಂದ. 1970–71ರಲ್ಲಿ, ನಾಲ್ಕನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, ಐಸಿಎಆರ್ ಇದನ್ನು ಮೊಟ್ಟೆಗೆ ಒಂದು, ಮಾಂಸಕ್ಕೆ ಒಂದು ಎಂದು ಎರಡು ಕವಲಾಗಿ ತೊಡಗಿಸಿತು. ರಾಜ್ಯ ವಿಶ್ವವಿದ್ಯಾಲಯದ ಕೇಂದ್ರಗಳಿಗೆ ಖರ್ಚಿನ ಶೇ. 75 ಪರಿಷತ್ತಿನಿಂದ, ಶೇ. 25 ರಾಜ್ಯದಿಂದ. ಆನಂದ್ ಮೊಟ್ಟೆಕೋಳಿಯ ಕೇಂದ್ರವಾಯಿತು, ಬೆಂಗಳೂರು ಮಾಂಸದ ಕೋಳಿಯದು. 1979ರಲ್ಲಿ ಇಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯೂ 1988ರಲ್ಲಿ ಹೈದರಾಬಾದಿನ ಕೋಳಿ ಯೋಜನಾ ನಿರ್ದೇಶನಾಲಯವೂ ಬಂದವು; ಸಮನ್ವಯದ ಹೊಣೆ ಹೈದರಾಬಾದಿಗೆ ಹೋಯಿತು. 2013ರಿಂದ ಅದರ ಹೆಸರು ಕೋಳಿ ಸಂಶೋಧನಾ ನಿರ್ದೇಶನಾಲಯ.

ಶೇ. 75ರ ಈ ಪಾಲು ಸದ್ದಿಲ್ಲದ ವ್ಯವಸ್ಥೆ. ಪತ್ರಿಕೆಗಳಲ್ಲಿ ಅದರ ಸುದ್ದಿ ಬರುವುದಿಲ್ಲ. ಭಾರತದ ಕೋಳಿ ತಳಿ ಸಂಶೋಧನೆಯಲ್ಲಿ ಅದಕ್ಕಿಂತ ಹೆಚ್ಚು ಕೆಲಸ ಮಾಡಿದ ಹಣ ಇನ್ನೊಂದಿಲ್ಲ. ಆನಂದಿನಲ್ಲಿ ಅಂಕಲೇಶ್ವರ ನಾಟಿ ಕೋಳಿಯ ಹಿಂಡು ಉಳಿದುಬಂದಿರುವುದಕ್ಕೂ ಈ ಯೋಜನೆಯೇ ಆಸರೆ. ದಕ್ಷಿಣ ಗುಜರಾತಿನ ಆದಿವಾಸಿ ಮನೆಗಳ ಹಿತ್ತಿಲಲ್ಲಿ ತಾನೇ ಮೇದು, ತಾನೇ ಕಾವು ಕೂತು ಮರಿ ಮಾಡುವ ಹಕ್ಕಿ ಅದು. ಮೊಟ್ಟೆಯ ಲೆಕ್ಕದಲ್ಲಿ ಫಾರಂ ಕೋಳಿಯ ಹತ್ತಿರಕ್ಕೂ ಬಾರದ ಇಂಥ ತಳಿಗೆ ಯಾವ ಕಂಪನಿಯೂ ಮೇವಿನ ಖರ್ಚು ಕೊಡಲಾರದು.

ಹೆಬ್ಬಾಳ

ಮೈಸೂರು ಸಂಸ್ಥಾನ 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಕಟ್ಟಿಸಿತು. ದನಗಳ ದೊಡ್ಡರೋಗಕ್ಕೆ ಔಷಧ ತಯಾರಿಸಲು ಎದ್ದ ಆ ಸಂಸ್ಥೆ ಮುಂದೆ ಕೊಕ್ಕರೆ ರೋಗದ ಲಸಿಕೆಯನ್ನೂ ತಯಾರಿಸಿತು. ಪಶುವೈದ್ಯ ಕಾಲೇಜು 1958ರಲ್ಲಿ ಶುರುವಾಗಿ, 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತು. ಅಮೆರಿಕದ ಯುಎಸ್‌ಏಡ್ ನೆರವಿನಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯ ಬೆಂಗಳೂರಿನ ಜೊತೆಗೂಡಿದ ಕಾಲವದು. ಅಲ್ಲಿನ ಪ್ರಾಧ್ಯಾಪಕರು ಇಲ್ಲಿಗೆ ಬಂದರು, ಇಲ್ಲಿನ ಅಧ್ಯಾಪಕರು ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋದರು. ಗೋಧಿ ಮಾರಿ ಅಮೆರಿಕ ಭಾರತದಲ್ಲೇ ಕೂಡಿಹಾಕಿದ ಪಿಎಲ್-480ರ ರೂಪಾಯಿಗಳಲ್ಲಿ ಒಂದು ಪಾಲೂ ದೇಶದ ಕೃಷಿ ಸಂಶೋಧನಾ ಯೋಜನೆಗಳಿಗೆ ಹರಿಯಿತು.

ಸಮನ್ವಿತ ಯೋಜನೆಯಲ್ಲಿ ಬೆಂಗಳೂರಿನಿಂದ ಬಂದ ಮಾಂಸದ ಕೋಳಿ ಐಬಿಬಿ-83. ಅಷ್ಟರಲ್ಲಿ ಮಾರುಕಟ್ಟೆ ಬೇರೆ ದಿಕ್ಕಿಗೆ ತಿರುಗಿತ್ತು. ಬಿ.ವಿ. ರಾವ್ 1971ರಲ್ಲಿ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್‌ನಂಥ ಸಂಸ್ಥೆಗಳು ವಿದೇಶಿ ತಳಿಗಳ ಬಲದಿಂದ ಫಾರಂಗಳನ್ನು ಆವರಿಸಿದವು. ಸರಕಾರಿ ಬ್ರಾಯ್ಲರ್ ಅವುಗಳೆದುರು ನಿಲ್ಲಲಿಲ್ಲ. ಹೆಬ್ಬಾಳದವರು ಆಗ ಮುಖಮಾಡಿದ್ದು ಹಿತ್ತಿಲ ಕಡೆಗೆ. ವರ್ಷಗಳಿಂದ ಕಾಪಾಡಿಕೊಂಡು ಬಂದ ಹಿಂಡುಗಳ ಅನುಭವ ಕೈಯಲ್ಲಿತ್ತು. ಹಳ್ಳಿಯ ಮನೆಯಲ್ಲಿ ಅಡ್ಡಾಡಿ ಬದುಕಬಲ್ಲ, ನಾಟಿ ಕೋಳಿಯಂತೆ ಬಣ್ಣಬಣ್ಣದ ಹಕ್ಕಿಯನ್ನು ರೂಪಿಸಿದರು. 1989ರಲ್ಲಿ ಬಿಡುಗಡೆಯಾದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ‘ಗಿರಿರಾಜ ಮರಿ ಬಂತಾ?’ ಎಂದು ರೈತರು ಪಶು ಆಸ್ಪತ್ರೆಯಲ್ಲಿ ಹೆಸರು ಹಿಡಿದು ಕೇಳುವಷ್ಟು ಅದು ಮನೆಮಾತಾಯಿತು. ಹೆಬ್ಬಾಳದ ಕಾಲೇಜು ಮುಂದೆ ಸೇರಿದ ಬೀದರಿನ ಪಶು ವಿಶ್ವವಿದ್ಯಾಲಯ ಕೆಲಸ ಆರಂಭಿಸಿದ 2005ರಲ್ಲೇ ಇನ್ನೊಂದು ಹಿತ್ತಿಲ ಕೋಳಿ ಸ್ವರ್ಣಧಾರಾ ಹೊರಬಂತು. ಬ್ರಾಯ್ಲರ್ ಸ್ಪರ್ಧೆಯಲ್ಲಿ ಸೋತಿತು ಎಂದು ಸಮನ್ವಿತ ಯೋಜನೆಯ ಹಣವನ್ನು ಎಂಬತ್ತರ ದಶಕದಲ್ಲಿ ನಿಲ್ಲಿಸಿಬಿಟ್ಟಿದ್ದರೆ ಈ ಎರಡೂ ಕೋಳಿಗಳು ಇರುತ್ತಿರಲಿಲ್ಲ.

ರೋಗದ ಭಯ, ಅವಧಿಯ ಅನುದಾನ

ಫೆಬ್ರುವರಿ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿತು. ಗಡಿಯಾಚೆ, ಆಗ ಸೂರತ್ ಜಿಲ್ಲೆಯಲ್ಲಿದ್ದ ಉಚ್ಛಲ್‌ಗೂ ಅದು ಹರಡಿತು. ಆ ಮೇಲೆ ರೋಗ ಪತ್ತೆ ಮತ್ತು ಕಣ್ಗಾವಲಿಗೆ ಹೊಸ ಮಹತ್ವ ಬಂತು. ಭೋಪಾಲದ ಉನ್ನತ ಭದ್ರತೆಯ ಪ್ರಯೋಗಾಲಯ ಕೇಂದ್ರಸ್ಥಾನಕ್ಕೆ ಬಂತು. ಖಾಸಗಿ ಕ್ಷೇತ್ರದಲ್ಲಿ, 1987ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಹೆಸ್ಟರ್ ಕೋಳಿ ಲಸಿಕೆಯಲ್ಲಿ ದೇಶದ ಮುಂಚೂಣಿಯ ಕಂಪನಿಗಳಲ್ಲಿ ಒಂದು.

ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಕೃಷಿ ತಂತ್ರಜ್ಞಾನ ಯೋಜನೆ 1998ರಲ್ಲಿ ಆರಂಭವಾದ ಮೇಲೆ ಅರ್ಜಿ ಹಾಕಿ, ಪೈಪೋಟಿಯಲ್ಲಿ ಗೆದ್ದು, ಗೊತ್ತಾದ ಅವಧಿಗೆ ಹಣ ಪಡೆಯುವ ಪದ್ಧತಿ ಬಲವಾಯಿತು. ಮೇವಿನ ಪ್ರಯೋಗಕ್ಕೆ, ವಂಶವಾಹಿ ವಿಶ್ಲೇಷಣೆಗೆ ಇದು ಒಗ್ಗುತ್ತದೆ. ಪೀಳಿಗೆಗಟ್ಟಲೆ ನಡೆಯಬೇಕಾದ ಹಿಂಡಿಗೆ ಮೂರು ವರ್ಷದ ಅನುದಾನ ಮೂರು ಪೀಳಿಗೆಯಷ್ಟೇ.

ಓದುವವರಿಗೆ ಹಣ

ಪಶುವೈದ್ಯ ಪದವಿಯ ಬಳಿಕ ಕುಕ್ಕುಟ ವಿಜ್ಞಾನದಲ್ಲಿ ಎಂ.ವಿ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಕನಿಷ್ಠ ಮೂರು. ಐಸಿಎಆರ್‌ನ ಅಖಿಲ ಭಾರತ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ, ಡಾಕ್ಟರೇಟಿಗೆ ಸಂಶೋಧನಾ ಫೆಲೋಶಿಪ್ ಇವೆ. ಇದೇ ಪರೀಕ್ಷೆಯ ಮೂಲಕ ತಮ್ಮ ರಾಜ್ಯ ಬಿಟ್ಟು ಓದಲು ಹೋಗುವವರಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಉಂಟು. ಕನ್ನಡದ ಹುಡುಗ ಆನಂದಿಗೂ ಗುಜರಾತಿನ ಹುಡುಗಿ ಹೆಬ್ಬಾಳಕ್ಕೂ ಹೋಗಲು ಇದು ಒಂದು ದಾರಿ. ಪರಿಶಿಷ್ಟ ಜಾತಿ ಮತ್ತು ಪಂಗಡದ ಸಂಶೋಧಕರಿಗೆ ಯುಜಿಸಿಯ ಮೂಲಕ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಎಂಬ ಹೆಸರಿನಲ್ಲಿ 2005–06ರಲ್ಲಿ ನೆರವು ಆರಂಭವಾಯಿತು. ಮನೆಯ ಹಿತ್ತಿಲಲ್ಲಿ ಕೋಳಿ ಸಾಕಿ ಬಲ್ಲ ಸಮುದಾಯಗಳ ಮಕ್ಕಳು ಆ ವಿಷಯದಲ್ಲೇ ಡಾಕ್ಟರೇಟ್ ಮಾಡಲು ಆಸರೆಯಾಗಬಲ್ಲ ಈ ನೆರವನ್ನು ಲಘುವಾಗಿ ಕಾಣಲಾಗದು. 1912ರಲ್ಲಿ ಲಂಡನ್ನಿನಲ್ಲಿ ಬೇರುಬಿಟ್ಟ ವಿಶ್ವ ಕುಕ್ಕುಟ ವಿಜ್ಞಾನ ಸಂಘ ಯುವ ಸಂಶೋಧಕರಿಗೆ ಸಮ್ಮೇಳನದ ಪ್ರಯಾಣ ವೆಚ್ಚ ಕೊಡುತ್ತದೆ. ಅದರ 20ನೆಯ ವಿಶ್ವ ಸಮ್ಮೇಳನ 1996ರಲ್ಲಿ ಹೊಸದಿಲ್ಲಿಯಲ್ಲಿ ನಡೆಯಿತು.

ಫೆಲೋಶಿಪ್ ವಿದ್ಯಾರ್ಥಿಯ ಊಟ, ವಸತಿ, ಪುಸ್ತಕಕ್ಕೆ ಆಗುತ್ತದೆ, ಕೋಳಿಯ ಮೇವಿಗೆ ಆಗುವುದಿಲ್ಲ. ಹೀಗಾಗಿ ತಳಿವಿಜ್ಞಾನದ ಪ್ರಬಂಧಗಳು ಸಾಮಾನ್ಯವಾಗಿ ಸಮನ್ವಿತ ಯೋಜನೆಯ ಹಿಂಡನ್ನೂ ಹಿಂದಿನವರು ಬರೆದಿಟ್ಟ ಪುಸ್ತಕಗಳನ್ನೂ ಆಧರಿಸುತ್ತವೆ. ತಾನು ಕಣ್ಣಾರೆ ಕಾಣುವ ಒಂದೆರಡು ಪೀಳಿಗೆಯ ಹಿಂದೆ ಹತ್ತಿಪ್ಪತ್ತು ಪೀಳಿಗೆಯ ಅಂಕಿ ಇದ್ದರೇನೇ ವಿದ್ಯಾರ್ಥಿಯ ಲೆಕ್ಕಕ್ಕೆ ಅರ್ಥ ಬರುವುದು. ಶಿಷ್ಯವೇತನವನ್ನು ಹೆಚ್ಚಿಸಿ ಹಿಂಡಿನ ಅನುದಾನವನ್ನು ಮರೆತರೆ ಓದುವವರು ಇರುತ್ತಾರೆ, ಅಳೆಯಲು ಕೋಳಿ ಇರುವುದಿಲ್ಲ.

ಹಿಂಡಿನ ಖರ್ಚಿಗೆ ಇನ್ನೊಂದು ದಾರಿಯಾಗಿ 2009ರಲ್ಲಿ ಐಸಿಎಆರ್ ಕೋಳಿ ಬೀಜ ಯೋಜನೆಯನ್ನು ಆರಂಭಿಸಿ ಕೇಂದ್ರಗಳಿಗೆ ಆವರ್ತ ನಿಧಿ ಕೊಟ್ಟಿತು. ಗ್ರಾಮೀಣ ತಳಿಗಳ ಕಾವಿನ ಮೊಟ್ಟೆ, ಮರಿ ಮತ್ತು ಬೆಳೆದ ಕೋಳಿಗಳನ್ನು ರೈತರಿಗೆ ಮಾರಿ ಬಂದ ಹಣ ಖಜಾನೆಗೆ ಹೋಗದೆ ಅದೇ ನಿಧಿಗೆ ಮರಳಿ, ಮುಂದಿನ ತಂಡದ ಮೇವು ಮತ್ತು ಲಸಿಕೆಗೆ ಬಳಕೆಯಾಗುತ್ತದೆ.