ಋಣ ಘಾತಾಂಕಗಳ ಅವಕಲನ

ಛೇದದಲ್ಲಿ ಚರಾಕ್ಷರವಿರುವ ಉತ್ಪನ್ನಗಳನ್ನು ಘಾತ ನಿಯಮದಿಂದ ಅವಕಲಿಸುವ ಕ್ರಮ. ಚರಾಕ್ಷರ ‘ಯ’, ಘಾತಾಂಕ ‘ನ’ ಎಂದಾದರೆ, ಘಾತಾಂಕವನ್ನು ಮುಂದೆ ತಂದು ಗುಣಿಸಿ ಮೇಲೆ 1 ಕಳೆಯಬೇಕು: ಯ^ನ ಎಂಬುದರ ನಿಷ್ಪನ್ನ ನ × ಯ^(ನ−1). ‘ನ’ ಋಣವಾದರೂ ನಿಯಮ ಬದಲಾಗದು. ‘ಯ’ ಮಾತ್ರ ಸೊನ್ನೆಯಾಗಿರಬಾರದು.

ಬೆಳಗಾವಿಯಿಂದ ಖಾನಾಪುರಕ್ಕೆ ರಸ್ತೆಯಲ್ಲಿ ಸುಮಾರು 26 ಕಿ.ಮೀ. ಗಂಟೆಗೆ ‘ವ’ ಕಿ.ಮೀ. ವೇಗದಲ್ಲಿ ಹೊರಟರೆ ತಗಲುವ ಕಾಲ 26/ವ ಗಂಟೆ, ಅಂದರೆ 26 × ವ⁻¹. ಇದರ ನಿಷ್ಪನ್ನ −26 × ವ⁻². ವೇಗ ಹೆಚ್ಚಿದಂತೆ ಕಾಲ ಇಳಿಯುತ್ತದೆ ಎಂಬುದನ್ನು ಋಣಚಿಹ್ನೆ ಹೇಳುತ್ತದೆ. 40 ಕಿ.ಮೀ. ವೇಗದಲ್ಲಿರುವಾಗ ಇನ್ನೊಂದು ಕಿ.ಮೀ. ಏರಿಸಿದರೆ ಸುಮಾರು ಒಂದು ನಿಮಿಷ ಉಳಿಯುತ್ತದೆ. 80ರಲ್ಲಿ ಅದೇ ಏರಿಕೆಗೆ ಸಿಗುವುದು ಸುಮಾರು 15 ಸೆಕೆಂಡ್. ಅವಸರದ ಚಾಲಕರು ಗಮನಿಸಬೇಕಾದ ಲೆಕ್ಕ.

ಸಾಧನೆಗೆ ಮೂಲತತ್ತ್ವವೇ ಸಾಕು. 1/(ಯ+ಹ) − 1/ಯ = −ಹ/[ಯ(ಯ+ಹ)]. ಇದನ್ನು ‘ಹ’ದಿಂದ ಭಾಗಿಸಿ, ‘ಹ’ವನ್ನು ಸೊನ್ನೆಯತ್ತ ಒಯ್ದರೆ −1/ಯ² ಉಳಿಯುತ್ತದೆ.

ಪಿಯುಸಿ ವಿದ್ಯಾರ್ಥಿಗಳು ಎಡವುವುದು ಕಳೆಯುವಲ್ಲಿ. −3ರಿಂದ 1 ಕಳೆದರೆ −4, −2 ಅಲ್ಲ. ಆದ್ದರಿಂದ ಯ⁻³ರ ನಿಷ್ಪನ್ನ −3ಯ⁻⁴. 5/ಯ² ಇದ್ದರೆ ಮೊದಲು 5ಯ⁻² ಎಂದು ಬರೆದುಕೊಳ್ಳುವುದು ಲೇಸು, ಉತ್ತರ −10ಯ⁻³.

ಯಾವ ಘಾತವನ್ನು ಅವಕಲಿಸಿದರೂ ಯ⁻¹ ಮಾತ್ರ ಸಿಗುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವುದು ಸ್ವಾಭಾವಿಕ ಲಾಗರಿದಮ್.