ಸ್ಟಾಕ್ ಫೋಟೊ, ವಿಡಿಯೊ ಮಾರಾಟದ ಗಳಿಕೆ: ನವಲಿ ಮತ್ತು ಕೊಪ್ಪಳ ಸೀಮೆ

ಛಾಯಾಗ್ರಾಹಕರು ಯಾರ ಆರ್ಡರ್ ಇಲ್ಲದೆ ತಾವಾಗಿಯೇ ತೆಗೆದ ಫೋಟೊ, ವಿಡಿಯೊ ತುಣುಕುಗಳನ್ನು ಅಂತರ್ಜಾಲದ ಚಿತ್ರಸಂಗ್ರಹ ಸಂಸ್ಥೆಗಳಿಗೆ ಕೊಡುತ್ತಾರೆ. ಪ್ರಕಾಶಕರು, ಜಾಹೀರಾತುದಾರರು, ಸುದ್ದಿಮನೆಗಳು ಹಣ ತೆತ್ತು ಅವನ್ನು ಬಳಸಿಕೊಂಡಾಗ ತೆಗೆದವರಿಗೆ ಒಂದು ಪಾಲು ಸಲ್ಲುತ್ತದೆ. ಮಾರಾಟವಾಗುವುದು ಬಳಸುವ ಪರವಾನಗಿ ಮಾತ್ರ. ಒಂದೇ ಚಿತ್ರ ನೂರು ಸಲ ಮಾರಾಟವಾದರೂ ಹಕ್ಕು ತೆಗೆದವರಲ್ಲೇ ಉಳಿಯುತ್ತದೆ. ಒಳ್ಳೆಯ ಕ್ಯಾಮೆರಾ, ಇಂಟರ್‌ನೆಟ್, ಪ್ಯಾನ್ ಕಾರ್ಡ್ ಇದ್ದರೆ ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಕುಳಿತೂ ಈ ಕೆಲಸ ಮಾಡಬಹುದು. ಆದರೆ ಇದನ್ನು ಸಂಬಳದಂತೆ ನೆಚ್ಚಿಕೊಳ್ಳಲಾಗದು. ಆದಾಯ ನಿಧಾನವಾಗಿ, ಚಿಲ್ಲರೆಯಾಗಿ ಬರುತ್ತದೆ.

ಹಿನ್ನೆಲೆ

ಫಿಲ್ಮಿನ ಕಾಲದಲ್ಲಿ ಈ ವ್ಯಾಪಾರ ಕೆಲವೇ ವೃತ್ತಿಪರರದಾಗಿತ್ತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಂಥವರು ದೇಶವಿದೇಶಗಳ ಪತ್ರಿಕೆಗಳಿಗೆ ಸ್ವತಂತ್ರವಾಗಿ ಚಿತ್ರ ಒದಗಿಸಿ ಹೆಸರು ಮಾಡಿದರು. ಹೊನ್ನಾವರ ಮೂಲದ ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತ್ (1934–2002) ಅವರ ಚಿತ್ರಗಳನ್ನು ಅವರ ಕುಟುಂಬ ಅಂತರ್ಜಾಲದ ಆರಂಭದ ವರ್ಷಗಳಲ್ಲೇ ಸಂಗ್ರಹವಾಗಿ ಪ್ರಕಟಿಸಿತು. ಸಂತೆ, ಕಸುಬು, ಗುಡಿಗಳ ಚಿತ್ರಗಳನ್ನು ದೂರದವರೂ ಹುಡುಕಿಕೊಂಡು ಬರುತ್ತಾರೆಂದು ಕನ್ನಡಿಗರಿಗೆ ಮೊದಮೊದಲು ತೋರಿಸಿಕೊಟ್ಟದ್ದು ಇಂಥ ಸಂಗ್ರಹಗಳೇ.

ಹವ್ಯಾಸಿಗಳಿಗೆ ಬಾಗಿಲು ತೆರೆದದ್ದು 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಶುರುವಾದ ಐಸ್ಟಾಕ್‌ಫೋಟೊ. ಗೆಟ್ಟಿ ಇಮೇಜಸ್ 2006ರಲ್ಲಿ ಅದನ್ನು 5 ಕೋಟಿ ಡಾಲರ್‌ಗೆ ಕೊಂಡಿತು. ಜಾನ್ ಓರಿಂಜರ್ 2003ರಲ್ಲಿ ನ್ಯೂಯಾರ್ಕಿನಲ್ಲಿ ಶಟರ್‌ಸ್ಟಾಕ್ ಆರಂಭಿಸಿ, ತಿಂಗಳ ಚಂದಾ ಕಟ್ಟಿದವರು ಬೇಕಾದಷ್ಟು ಚಿತ್ರ ಇಳಿಸಿಕೊಳ್ಳುವ ಪದ್ಧತಿಯನ್ನು ಬಳಕೆಗೆ ತಂದರು. ಅಡೋಬಿ ಸಂಸ್ಥೆ ಫೋಟೋಲಿಯಾ ಎಂಬ ಚಿತ್ರಸಂಗ್ರಹವನ್ನು ಖರೀದಿಸಿ 2015ರಲ್ಲಿ ಅಡೋಬಿ ಸ್ಟಾಕ್ ತೆರೆಯಿತು. ಭಾರತೀಯ ಮುಖಗಳ ಚಿತ್ರಕ್ಕೆಂದೇ ಇಮೇಜಸ್‌ಬಜಾರ್ 2006ರಲ್ಲಿ ಹುಟ್ಟಿತು.

ಲೆಕ್ಕ

ಅಡೋಬಿ ಸ್ಟಾಕ್ ಫೋಟೊಗಳಿಗೆ 33%, ವಿಡಿಯೊಗಳಿಗೆ 35% ಪಾಲು ಕೊಡುತ್ತದೆ. ಶಟರ್‌ಸ್ಟಾಕ್ 2020ರ ಜೂನ್‌ನಿಂದ 15%ರಿಂದ 40%ವರೆಗೆ ಆರು ಹಂತಗಳನ್ನು ಮಾಡಿತು. ಹೆಚ್ಚು ಮಾರಾಟವಾದಂತೆ ಹಂತ ಏರುತ್ತದೆ, ಆದರೆ ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಬರುತ್ತಾರೆ. ಒಂದು ಫೋಟೊಗೆ ಕನಿಷ್ಠ ಪಾವತಿ 10 ಸೆಂಟ್‌ಗೆ ಇಳಿದಾಗ ಜಗತ್ತಿನ ಅನೇಕ ಛಾಯಾಗ್ರಾಹಕರು ಪ್ರತಿಭಟಿಸಿ ತಮ್ಮ ಸಂಗ್ರಹವನ್ನೇ ಮುಚ್ಚಿದರು. ಅವರ ಸಿಟ್ಟು ನ್ಯಾಯವಾದದ್ದೇ: 10 ಸೆಂಟಿನ ಲೆಕ್ಕದಲ್ಲಿ 25 ಡಾಲರ್ ಕೂಡಬೇಕಾದರೆ ಚಿತ್ರಗಳು 250 ಸಲ ಮಾರಾಟವಾಗಬೇಕು.

ವಿಡಿಯೊ ತುಣುಕಿನ ಲೆಕ್ಕ ಬೇರೆ. 80 ಡಾಲರ್‌ಗೆ ಬಿಡಿಯಾಗಿ ಮಾರಾಟವಾದ ಎಚ್‌ಡಿ ತುಣುಕಿಗೆ 35%ರಂತೆ 28 ಡಾಲರ್ ಬರುತ್ತದೆ. ಮಾರಾಟ ವಿರಳ, ಬಂದಾಗಿನ ಮೊತ್ತ ದೊಡ್ಡದು. ತುಣುಕು 5ರಿಂದ 60 ಸೆಕೆಂಡಿನೊಳಗಿರಬೇಕು. ಫೋಟೊ ಕನಿಷ್ಠ 4 ಮೆಗಾಪಿಕ್ಸೆಲ್ ಇರಬೇಕು.

ಈ ಸೀಮೆಯ ಸರಕು

ಹಂಪಿಯ ಕಲ್ಲಿನ ರಥದ ಚಿತ್ರ ಪ್ರತಿ ಸಂಸ್ಥೆಯಲ್ಲೂ ರಾಶಿಬಿದ್ದಿದೆ. ಹೊಸಬರು ಇನ್ನೊಂದನ್ನು ಸೇರಿಸಿದರೆ ಕೊಳ್ಳುವವರಿಗೆ ಅದು ಕಣ್ಣಿಗೇ ಬೀಳದು. ತುಂಗಭದ್ರಾ ಹೊಳೆಯ ಈಚೆ ದಂಡೆಯ ಆನೆಗೊಂದಿ, ಅಂಜನಾದ್ರಿಗಳೂ ಈಗ ಅದೇ ದಾರಿಯಲ್ಲಿವೆ. ಚಿತ್ರ ಕಡಿಮೆ ಇರುವುದು ದಿನನಿತ್ಯದ ದುಡಿಮೆಯದು: ಯಲಬುರ್ಗಾದ ಎರೆ ಹೊಲದಲ್ಲಿ ಬಿಳಿಜೋಳದ ರಾಶಿ, ಕುಷ್ಟಗಿಯ ದಾಳಿಂಬೆ ತೋಟ, ಹೊಲಗಳ ನಡುವೆ ಎದ್ದ ಗಾಳಿಯಂತ್ರ, ಗಂಗಾವತಿಯ ಅಕ್ಕಿ ಗಿರಣಿ. ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ಮೇಲೆ ಅವುಗಳ ಚಿತ್ರಕ್ಕೂ ಬೇಡಿಕೆ ಬರಲು ಕಾರಣವಿದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಗಂಗಾವತಿ ಕಡೆ ಭತ್ತದ ನಾಟಿ ಶುರುವಾಗುತ್ತದೆ. ಕೆಸರಿನಲ್ಲಿ ಸಾಲಾಗಿ ಬಗ್ಗಿದ ನಾಲ್ವರು ಹೆಣ್ಣುಮಕ್ಕಳ ಮುಖ ಗುರುತು ಸಿಗುವಂತಿದ್ದರೆ, ಜಾಹೀರಾತಿಗೆ ಸಲ್ಲುವ ವಾಣಿಜ್ಯ ವರ್ಗದಲ್ಲಿ ಹಾಕಲು ನಾಲ್ವರ ಸಹಿಯುಳ್ಳ ಒಪ್ಪಿಗೆ ಪತ್ರ ಬೇಕು. ಬದುವಿನ ಟ್ರ್ಯಾಕ್ಟರ್ ಮೇಲಿನ ಕಂಪನಿಯ ಹೆಸರನ್ನು ಅಳಿಸಬೇಕು. ಅದೇ ಗದ್ದೆಯಲ್ಲಿ ಕೆಸರಿಗೆ ಸಸಿ ಊರುವ ಎರಡು ಕೈಗಳಷ್ಟನ್ನೇ 15 ಸೆಕೆಂಡ್ ಹಿಡಿದರೆ ಮುಖವೂ ಇಲ್ಲ, ಕಂಪನಿಯ ಗುರುತೂ ಇಲ್ಲ. ಕೃಷಿ, ಆಹಾರ, ಬ್ಯಾಂಕ್ ಸಾಲ, ವಿಮೆ ಎಲ್ಲ ವಿಷಯಕ್ಕೂ ಅದು ಹೊಂದುತ್ತದೆ. ಚಿತ್ರದಷ್ಟೇ ಮುಖ್ಯವಾದದ್ದು ಅದರ ವಿವರಣೆ. ಶಟರ್‌ಸ್ಟಾಕ್ 50, ಅಡೋಬಿ 49 ಹುಡುಕುಪದಗಳವರೆಗೆ ಅವಕಾಶ ಕೊಡುತ್ತವೆ. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ಹೆಚ್ಚು ತೂಕ. ‘ಭಾರತ, ರೈತ’ ಎಂದಷ್ಟೇ ಬರೆದರೆ ಚಿತ್ರ ಲಕ್ಷಾಂತರ ಚಿತ್ರಗಳಡಿ ಹೂತುಹೋಗುತ್ತದೆ. ಬೆಳೆ, ಹಂಗಾಮು, ಊರು, ತಾಲ್ಲೂಕು, ನಾಲೆ ಎಲ್ಲವನ್ನೂ ಸರಿಯಾಗಿ ಹೆಸರಿಸಬಲ್ಲವರು ಆ ನೆಲದವರೇ. ಕ್ಯಾಮೆರಾದ ಬೆಲೆಗಿಂತ ಈ ತಿಳಿವಳಿಕೆ ಅವರಿಗೆ ಹೆಚ್ಚಿನ ಬಂಡವಾಳ.

ಕಾಯ್ದೆ, ಒಪ್ಪಿಗೆ

ಭಾರತದ ಹಕ್ಕುಸ್ವಾಮ್ಯ ಕಾಯ್ದೆ (1957) ಪ್ರಕಾರ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ಆದರೆ ಯಾರೋ ಹಣ ಕೊಟ್ಟು ತೆಗೆಸಿದ ಫೋಟೊ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದಾಗುತ್ತದೆ. ಊರಿನ ಸ್ಟುಡಿಯೊಗಳು ಇದನ್ನು ಗಮನಿಸಲೇಬೇಕು: ಮದುವೆ ಆಲ್ಬಮ್ಮಿನ ವಧುವಿನ ಚಿತ್ರ ಎಷ್ಟೇ ಚೆಂದವಿರಲಿ, ಆ ಮನೆಯವರ ಬರಹದ ಒಪ್ಪಿಗೆಯಿಲ್ಲದೆ ಅದನ್ನು ಮಾರುವಂತಿಲ್ಲ. ಕಟ್ಟಡಗಳ ಮತ್ತು ಸಾರ್ವಜನಿಕ ಸ್ಥಳದಲ್ಲಿ ಕಾಯಂ ನಿಂತ ಶಿಲ್ಪಗಳ ಚಿತ್ರ ತೆಗೆಯಲು ಕಾಯ್ದೆಯಲ್ಲೇ ವಿನಾಯಿತಿ ಇದೆ. ಕಿನ್ನಾಳದ ಕಲಾವಿದರೊಬ್ಬರು ಮನೆಯಲ್ಲಿ ಬಣ್ಣ ಹಚ್ಚುತ್ತಿರುವ ಹೊಸ ಗೊಂಬೆಗೆ ಆ ವಿನಾಯಿತಿ ಸಲ್ಲದು. ಗೊಂಬೆಯ ಹಕ್ಕು ಅವರದೇ, ಅವರ ಒಪ್ಪಿಗೆ ಬೇಕು. ಇಟಗಿಯ ಮಹಾದೇವ ದೇವಾಲಯದಂಥ (1112) ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆಯಬೇಕು. ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ.

ಒಪ್ಪಿಗೆ ಪತ್ರದ ವಿಷಯದಲ್ಲಿ ಕಾಯ್ದೆಗಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಇಂಗ್ಲಿಷಿನ ಹಾಳೆಗೆ ಕೂಲಿಯ ನಡುವೆ ಅವಸರದಲ್ಲಿ ಹಾಕಿಸಿಕೊಂಡ ಸಹಿ ಕಾಗದಕ್ಕೆ ಸರಿಹೋಗಬಹುದು. ಆದರೆ ತನ್ನ ಮುಖ ಗೊತ್ತಿಲ್ಲದ ದೇಶದ ಗೊಬ್ಬರದ ಚೀಲದ ಮೇಲೋ ಔಷಧಿಯ ಜಾಹೀರಾತಿನಲ್ಲೋ ಬರಬಹುದೆಂದು ಚಿತ್ರದಲ್ಲಿರುವ ಹೆಣ್ಣುಮಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳದ ಹೊರತು ಅದನ್ನು ಒಪ್ಪಿಗೆ ಎನ್ನಲಾಗದು. ಸಹಿಯ ಹೊತ್ತಿಗೇ ಆಕೆಗೆ ಒಂದಿಷ್ಟು ಹಣ ಕೊಡುವುದು ನ್ಯಾಯ. ಮಕ್ಕಳ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಸಹಿ ಹಾಕಬೇಕು.

ಸುದ್ದಿ, ಲೇಖನ, ಪಠ್ಯಗಳಿಗೆ ಸೀಮಿತವಾದ ಸಂಪಾದಕೀಯ ವರ್ಗಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಪತ್ರ ಕೇಳುವುದಿಲ್ಲ. ದಿನಾಂಕ, ಸ್ಥಳ, ಸಂಗತಿ ಮಾತ್ರ ನಿಜವಿರಬೇಕು. ಕೊಪ್ಪಳದ ಗವಿಮಠದ ಜಾತ್ರೆಯ ಜನಸಾಗರ ಈ ವರ್ಗಕ್ಕೇ ಸೇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾದಾಗಿನ ದೃಶ್ಯಗಳೂ ಇಂಥವೇ. ಮೂಲತಃ 133 ಟಿಎಂಸಿ ಅಡಿಯ ಆ ಜಲಾಶಯದಲ್ಲಿ ಹೂಳು ತುಂಬಿ ಸಾಮರ್ಥ್ಯ 105.788 ಟಿಎಂಸಿಗೆ ಕುಗ್ಗಿದೆ. ಈ ನಷ್ಟ ತುಂಬಿಕೊಳ್ಳಲು ನವಲಿಯ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪವಿದೆ. ಯೋಜನೆ ನಡೆಯಲಿ ಬಿಡಲಿ, ಇಂದಿನ ನವಲಿಯ ಹೊಲ, ಹಳ್ಳ, ದಾರಿಗಳನ್ನು ದಿನಾಂಕ ಸಹಿತ ಹಿಡಿದಿಟ್ಟವರ ಸಂಗ್ರಹ ಮುಂದೆ ಪತ್ರಿಕೆಗಳಿಗೂ ಸಂಶೋಧಕರಿಗೂ ಬೇಕಾಗುತ್ತದೆ.

ಹಣ ಕೈಸೇರುವ ಬಗೆ

ಅಡೋಬಿಯಲ್ಲಿ 25 ಡಾಲರ್ ಕೂಡಿದ ಮೇಲೆ ಹಣ ಪಡೆಯಬಹುದು. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ ಭಾರತದೊಳಗಿನ ಪಾವತಿಗಳನ್ನು 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿದ್ದರೂ ವಿದೇಶದಿಂದ ಬರುವ ಹಣವನ್ನು ಬ್ಯಾಂಕ್ ಖಾತೆಗೆ ತಲುಪಿಸುತ್ತದೆ. ವಿನಿಮಯ ದರದಲ್ಲೂ ಶುಲ್ಕದಲ್ಲೂ ಒಂದಿಷ್ಟು ಕರಗುತ್ತದೆ. ಅಮೆರಿಕದ ಸಂಸ್ಥೆಗಳಿಗೆ ಡಬ್ಲ್ಯು-8 ಬೆನ್ ಎಂಬ ನಮೂನೆ ತುಂಬಿಕೊಡಬೇಕು. ಕೊಡದಿದ್ದರೆ ಅಲ್ಲಿನ ಮಾರಾಟದ ಪಾಲಿನಲ್ಲಿ 30% ತೆರಿಗೆ ಮುರಿಯುತ್ತಾರೆ, ಕೊಟ್ಟರೆ ಭಾರತ–ಅಮೆರಿಕ ತೆರಿಗೆ ಒಪ್ಪಂದದಂತೆ 15%. ಈ ಆದಾಯವನ್ನು ಇಲ್ಲಿನ ರಿಟರ್ನ್‌ನಲ್ಲೂ ತೋರಿಸಬೇಕು.

ಕೃತಕ ಬುದ್ಧಿಮತ್ತೆ

ಬರಹದ ಆಣತಿಯಿಂದ ಚಿತ್ರ ಮೂಡಿಸುವ ತಂತ್ರ 2022ರಿಂದ ಈ ಮಾರುಕಟ್ಟೆಯನ್ನು ಅಲುಗಾಡಿಸಿದೆ. ಶಟರ್‌ಸ್ಟಾಕ್ ಓಪನ್‌ಎಐ ಜೊತೆ ಕೈಜೋಡಿಸಿ, ಚಿತ್ರ ಕೊಟ್ಟವರಿಗೆ ಪಾಲು ಹಂಚಲು ನಿಧಿಯೊಂದನ್ನು ಮಾಡಿತು. ಅಡೋಬಿ 2023ರಲ್ಲಿ ತನ್ನ ಸಂಗ್ರಹದಿಂದ ಕಲಿಸಿದ ಫೈರ್‌ಫ್ಲೈ ತಂದು ಛಾಯಾಗ್ರಾಹಕರಿಗೆ ಬೋನಸ್ ಕೊಡತೊಡಗಿತು. ಗೆಟ್ಟಿ ಈ ತಂತ್ರದಿಂದ ಮೂಡಿಸಿದ ಚಿತ್ರಗಳನ್ನು ಸ್ವೀಕರಿಸದೆ, ಅಂಥ ಚಿತ್ರ ಮೂಡಿಸುವ ಸ್ಟೆಬಿಲಿಟಿ ಎಐ ಸಂಸ್ಥೆಯ ಮೇಲೆ 2023ರಲ್ಲಿ ದಾವೆ ಹೂಡಿತು. ಹಸನ್ಮುಖಿ ರೈತ, ಕೈಕುಲುಕುವ ಉದ್ಯಮಿಗಳಂಥ ಸಾಮಾನ್ಯ ಚಿತ್ರಗಳ ಬೆಲೆ ಇದರಿಂದ ಇನ್ನೂ ಕುಸಿಯಬಹುದು. ಕನಕಗಿರಿ ತಾಲ್ಲೂಕಿನ ಇಂಥ ಹೊಲ, ಇಂಥ ದಿನ ಎಂದು ಸಾಕ್ಷಿ ಹೇಳುವ ಸಂಪಾದಕೀಯ ಚಿತ್ರವನ್ನು ಮಾತ್ರ ಸ್ಥಳಕ್ಕೆ ಹೋಗಿಯೇ ತೆಗೆಯಬೇಕು.